ಒಂದು ಗುಳಿಗೆಯಲ್ಲಿ ಎಷ್ಟು ಔಷಧ?

ನಿಮ್ಮ ಮನೆಯಲ್ಲಿ ಗುಳಿಗೆಗಳನ್ನು ಎಲ್ಲಿ ಇಡುತ್ತಾರೆ? ನಮ್ಮ ದೇವಣಿ ಕಡೆಯ ಬಹಳಷ್ಟು ಮನೆಗಳಲ್ಲಿ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಗೋಡೆಯ ಮೊಳೆಗೆ ನೇತುಹಾಕಿದ ಆ ಚೀಲದಲ್ಲಿ ಅಜ್ಜನ ಮೊಣಕಾಲು ನೋವಿನ ಗುಳಿಗೆ, ಕಳೆದ ವರ್ಷದ ಜ್ವರಕ್ಕೆ ತಂದು ಉಳಿದದ್ದು, ಹಲ್ಲು ಕೀಳಿಸಿದಾಗ ಕೊಟ್ಟದ್ದು, ಹೆಸರೇ ಹರಿದುಹೋದ ಒಂದೆರಡು ಸ್ಟ್ರಿಪ್ಪು, ಎಲ್ಲವೂ ಕೂಡಿಯೇ ಇರುತ್ತವೆ. ತೊಗರಿ ರಾಶಿ ಮಾಡಿ ಸೊಂಟ ಹಿಡಿದುಕೊಂಡು ಬಂದವರು ಆ ಚೀಲಕ್ಕೆ ಕೈ ಹಾಕುತ್ತಾರೆ. ಬಣ್ಣ ನೋಡಿ ಗುಳಿಗೆ ಆರಿಸುವವರೂ ಉಂಟು.

ಮೂರು ವರ್ಷಗಳ ಹಿಂದೆ ನಮ್ಮ ದೊಡ್ಡವ್ವ ಅಂಗಳದಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ವೈದ್ಯರು ಪ್ಲಾಸ್ಟರ್ ಹಾಕಿ, ನೋವು ಹೆಚ್ಚಾಗಿದ್ದುದರಿಂದ ನಾಲ್ಕು ದಿನಕ್ಕೆ ಗುಳಿಗೆ ಬರೆದುಕೊಟ್ಟರು. ಅದರಲ್ಲಿ ಪ್ಯಾರಾಸಿಟಮಾಲ್ ಮತ್ತು ಕೊಡೀನ್ ಎಂಬ ಎರಡು ಔಷಧಗಳು ಕೂಡಿದ್ದವು. ಮೊಣಕಾಲು ನೋವಿಗೆ ಮೊದಲಿನಿಂದ ನುಂಗುತ್ತಿದ್ದ ಗುಳಿಗೆಯನ್ನು ದೊಡ್ಡವ್ವ ಬಿಡಲಿಲ್ಲ. ಮರುದಿನ ಮೈ ಬಿಸಿಯಾಯಿತೆಂದು ಮೊಮ್ಮಗ ಅಂಗಡಿಯಿಂದ ಜ್ವರದ ಗುಳಿಗೆಯನ್ನೂ ತಂದುಕೊಟ್ಟ. ನಾಲ್ಕನೆಯ ದಿನಕ್ಕೆ ಆಕೆ ಹಗಲೆಲ್ಲ ಮಂಪರಿನಲ್ಲಿ ಬಿದ್ದಿರತೊಡಗಿದಳು. ವಾಂತಿ ಆಗುತ್ತಿತ್ತು, ಹೊಟ್ಟೆ ಕಟ್ಟಿಕೊಂಡು ಮೂರು ದಿನ ಆಗಿತ್ತು. ಪುನಃ ದವಾಖಾನೆಗೆ ಕರೆದೊಯ್ದಾಗ ವೈದ್ಯರು ಕೇಳಿದ ಮೊದಲ ಮಾತು: "ಆಯೀ, ಮನ್ಯಾಗ ಏನೇನು ಗುಳಿಗಿ ತಗೊಂಡೀರಿ? ಎಲ್ಲಾ ಇಲ್ಲಿ ತರಸ್ರಿ."

ಚೀಲವನ್ನೇ ತಂದು ಮೇಜಿನ ಮೇಲೆ ಸುರಿದೆವು. ಮೂರು ಸ್ಟ್ರಿಪ್ಪುಗಳಿಗೆ ಮೂರು ಹೆಸರು, ಮೂರು ಬಣ್ಣ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಮೂರರಲ್ಲಿಯೂ ಪ್ಯಾರಾಸಿಟಮಾಲ್!

ಅಂದು ವೈದ್ಯರು ಚೀಟಿಯ ಹಿಂದೆ ಮಾಡಿದ ಲೆಕ್ಕವನ್ನು ನೀವೂ ಮಾಡಿ ನೋಡಿರಿ. ಮುಂಗೈ ನೋವಿನ ಗುಳಿಗೆಯಲ್ಲಿ 325 ಮಿಲಿಗ್ರಾಂ, ದಿನಕ್ಕೆ ನಾಲ್ಕು, ಅದು 1300. ಮೊಣಕಾಲಿನ ಗುಳಿಗೆಯಲ್ಲಿ 325, ದಿನಕ್ಕೆ ಎರಡು, ಅದು 650. ಜ್ವರದ ಗುಳಿಗೆ 650ರದು, ದಿನಕ್ಕೆ ನಾಲ್ಕು, ಅದು 2600. ಕೂಡಿಸಿದರೆ 4550 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೆ 24 ತಾಸುಗಳಲ್ಲಿ 4000 ಮಿಲಿಗ್ರಾಂ ಮೀರಬಾರದು. ವಯಸ್ಸಾದವರಿಗೆ, ಮೈಯಲ್ಲಿ ಕಸುವಿಲ್ಲದ ತೆಳ್ಳನೆಯವರಿಗೆ, ಸೆರೆ ಕುಡಿಯುವವರಿಗೆ, ಯಕೃತ್ತಿನ ರೋಗ ಇದ್ದವರಿಗೆ ವೈದ್ಯರು ಅದಕ್ಕಿಂತ ಬಹಳ ಕಡಿಮೆ ಹೇಳುತ್ತಾರೆ. ದೊಡ್ಡವ್ವನ ತೂಕ ನಲವತ್ತು ಕಿಲೋ ಕೂಡ ಇರಲಿಲ್ಲ. ಗುಳಿಗೆ ಬರೆದವರದು ತಪ್ಪಲ್ಲ, ಅಂಗಡಿಯವನದೂ ತಪ್ಪಲ್ಲ. ಮೂರನ್ನೂ ಒಂದೆಡೆ ಇಟ್ಟು ಯಾರೂ ನೋಡಿರಲಿಲ್ಲ, ಅಷ್ಟೇ.

ಪ್ಯಾರಾಸಿಟಮಾಲ್ ಒಳ್ಳೆಯ ಔಷಧವೇ. ಹೇಳಿದಷ್ಟೇ ತೆಗೆದುಕೊಂಡರೆ ಅದರಷ್ಟು ನಿರಪಾಯದ ನೋವಿನ ಗುಳಿಗೆ ಕಡಿಮೆ. ಆದರೆ ಮಿತಿ ಮೀರಿದರೆ ಯಕೃತ್ತನ್ನು ಸುಡುತ್ತದೆ. ಅದೂ ಮೋಸದಿಂದ. ಹೆಚ್ಚು ನುಂಗಿದ ಮೊದಲ ದಿನ ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ಕಾಣಿಸದಿರಬಹುದು. ಎರಡನೆಯ, ಮೂರನೆಯ ದಿನ ಯಕೃತ್ತು ಕೆಟ್ಟದ್ದು ಗೊತ್ತಾಗುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಉಂಟು. ಒಮ್ಮೆಲೇ ಬಹಳ ಗುಳಿಗೆ ನುಂಗಿದವರಿಗೆ ಎಂಟು ತಾಸಿನೊಳಗೆ ಅದನ್ನು ಕೊಟ್ಟರೆ ಗುಣ ಹೆಚ್ಚು. ಆದ್ದರಿಂದ "ಈಗ ಆರಾಮ ಇದ್ದಾನಲ್ಲ, ನಾಳೆ ನೋಡೋಣ" ಎನ್ನದೆ ಕೂಡಲೇ ದವಾಖಾನೆಗೆ ಒಯ್ಯಬೇಕು. ದೊಡ್ಡವ್ವನಿಗೂ ಸಲಾಯಿನ್ ಮೂಲಕ ಅದನ್ನೇ ಕೊಟ್ಟರು. ಆಕೆ ಐದು ದಿನಕ್ಕೆ ಮನೆಗೆ ಬಂದಳು.

ಆಕೆಗೆ ಮಂಪರು ತಂದದ್ದೂ ಹೊಟ್ಟೆ ಕಟ್ಟಿಸಿದ್ದೂ ಕೊಡೀನ್. ಇದರ ಮೂಲ ನಿಮ್ಮ ಅಡಿಗೆಮನೆಗೆ ದೂರದ್ದಲ್ಲ. ಹಬ್ಬದ ಪಾಯಸಕ್ಕೆ ಗಸಗಸೆ ಅರೆಯುತ್ತಾರಲ್ಲವೇ? ಅದೇ ಗಿಡದ ಎಳೆಗಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಒಣಗಿ ಅಫೀಮು ಆಗುತ್ತದೆ. (ಪಾಯಸಕ್ಕೆ ಹೆದರಬೇಕಿಲ್ಲ, ಅಮಲಿನ ವಸ್ತು ಇರುವುದು ಆ ಹಾಲಿನಲ್ಲಿ.) ಮಧ್ಯಪ್ರದೇಶದ ಮಂದಸೌರ, ನೀಮಚ್ ಮತ್ತು ರಾಜಸ್ಥಾನದ ಚಿತ್ತೋಡಗಢದ ಕಡೆ ರೈತರು ಸರಕಾರದ ಪರವಾನಗಿ ಪಡೆದು ಇದನ್ನು ಬೆಳೆಯುತ್ತಾರೆ. ಉತ್ತರ ಪ್ರದೇಶದ ಗಾಜೀಪುರದಲ್ಲಿಯೂ ನೀಮಚ್‌ನಲ್ಲಿಯೂ ಸರಕಾರಿ ಕಾರಖಾನೆಗಳಿವೆ. ಅಫೀಮಿನಲ್ಲಿ ಮಾರ್ಫಿನ್ ಹೆಚ್ಚು, ಕೊಡೀನ್ ಸ್ವಲ್ಪ. 1832ರಲ್ಲಿ ಫ್ರಾನ್ಸಿನ ರೋಬಿಕೇ ಎಂಬ ರಸಾಯನಶಾಸ್ತ್ರಜ್ಞ ಕೊಡೀನನ್ನು ಮೊದಲು ಬೇರ್ಪಡಿಸಿದ.

ಕೊಡೀನ್ ತಾನಾಗಿ ಅಷ್ಟೇನೂ ನೋವು ಕಳೆಯುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಅದರ ಸಣ್ಣದೊಂದು ಪಾಲನ್ನು ನಮ್ಮ ಯಕೃತ್ತು ಮಾರ್ಫಿನ್ ಆಗಿ ಮಾರ್ಪಡಿಸುತ್ತದೆ. ನೋವು ತಗ್ಗಿಸುವುದು ಮುಖ್ಯವಾಗಿ ಆ ಪಾಲು. ಪ್ಯಾರಾಸಿಟಮಾಲ್ ಒಂದು ದಾರಿಯಿಂದ, ಇದು ಇನ್ನೊಂದು ದಾರಿಯಿಂದ ಕೆಲಸ ಮಾಡುವುದರಿಂದ ಎರಡನ್ನೂ ಒಂದೇ ಗುಳಿಗೆಯಲ್ಲಿ ಕೂಡಿಸುತ್ತಾರೆ. ಆದರೆ ಹೀಗೆ ಮಾರ್ಪಡಿಸುವ ಶಕ್ತಿ ಎಲ್ಲರಲ್ಲಿ ಒಂದೇ ಸಮ ಇರುವುದಿಲ್ಲ. ಅದು ಹುಟ್ಟಿನಿಂದ ಬರುವ ಗುಣ. ಕೆಲವರಲ್ಲಿ ಮಾರ್ಫಿನ್ ತಯಾರಾಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಅವರಿಗೆ ಗುಳಿಗೆ ನುಂಗಿಯೂ ನೋವು ಹೋಗದು. ಇನ್ನು ಕೆಲವರಲ್ಲಿ ಬೇಗನೆ, ಬಹಳಷ್ಟು ತಯಾರಾಗುತ್ತದೆ. ಅವರಿಗೆ ಒಂದೇ ಗುಳಿಗೆಗೆ ಅಮಲೇರಿ ಉಸಿರು ನಿಧಾನವಾಗಬಹುದು. ಯಾರು ಯಾವ ಗುಂಪಿನವರೆಂದು ಮುಖ ನೋಡಿ ಹೇಳಲು ಬರುವುದಿಲ್ಲ.

ನಮ್ಮ ಊರಿನ ಹೆಸರು ಹೊತ್ತ ದೇವಣಿ ಎತ್ತುಗಳ ವಿಷಯದಲ್ಲಿಯೂ ಇಂಥದೊಂದು ಪಾಠ ಇದೆ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧವನ್ನು ದನಗಳಿಗೂ ಕೊಡುತ್ತಿದ್ದರು. ಎತ್ತಿಗೆ ಅದರಿಂದ ಗುಣವಾಗುತ್ತಿತ್ತು. ಆದರೆ ಔಷಧ ಪಡೆದು ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. 2006ರಲ್ಲಿ ಸರಕಾರ ಅದನ್ನು ದನಗಳ ಔಷಧವಾಗಿ ನಿಷೇಧಿಸಿತು. ಎತ್ತಿಗೆ ಹಿಡಿಸಿದ್ದು ಹದ್ದಿಗೆ ವಿಷವಾಯಿತು. ಹೀಗಿರುವಾಗ "ನನಗೆ ಬಹಳ ಗುಣ ಆಯ್ತು, ನೀನೂ ಒಂದು ತಗೋ" ಎಂದು ನೆರೆಮನೆಯವರು ಪ್ರೀತಿಯಿಂದ ಕೊಟ್ಟ ಗುಳಿಗೆಯನ್ನು ನುಂಗುವುದು ಎಷ್ಟು ಸರಿ?

ಮಕ್ಕಳ ವಿಷಯವನ್ನು ಪಾಲಕರು ವಿಶೇಷವಾಗಿ ಗಮನಿಸಬೇಕು. ಮಕ್ಕಳಲ್ಲಿ ಉಸಿರು ನಿಂತ ಪ್ರಸಂಗಗಳು ನಡೆದ ಮೇಲೆ ಯುರೋಪಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2017ರಲ್ಲಿ, ನೋವಿಗೆಂದು 12 ವರ್ಷದೊಳಗಿನವರಿಗೆ ಕೊಡೀನ್ ಕೊಡಕೂಡದೆಂದು ಔಷಧ ಅಧಿಕಾರಿಗಳು ಸಾರಿದರು. ಮೊಲೆಯೂಡಿಸುವ ತಾಯಿ ನುಂಗಿದರೆ ಹಾಲಿನ ಮೂಲಕ ಕೂಸಿಗೂ ಮುಟ್ಟುತ್ತದೆ. ಬಾಣಂತಿಯರು ಇದನ್ನು ತೆಗೆದುಕೊಳ್ಳಬಾರದು. ದೊಡ್ಡವರ ಗುಳಿಗೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವ ರೂಢಿ ನಮ್ಮಲ್ಲಿದೆ. ಇಲ್ಲಿ ಅದು ಪ್ರಾಣಕ್ಕೇ ಬರಬಹುದು.

ಇನ್ನು ಚಟದ ಮಾತು. ಮುರಿದ ಎಲುಬಿಗೆ ನಾಲ್ಕು ದಿನ ತೆಗೆದುಕೊಂಡವರಿಗೆ ಚಟ ಹತ್ತುವ ಭಯ ಕಡಿಮೆ. ವಾರಗಟ್ಟಲೆ ನುಂಗಿದರೆ ಮೈ ಅದಕ್ಕೆ ಒಗ್ಗಿ, ಅಷ್ಟೇ ಗುಣಕ್ಕೆ ಹೆಚ್ಚು ಗುಳಿಗೆ ಬೇಕಾಗುತ್ತದೆ. ಬಿಟ್ಟರೆ ಬೆವರು, ಚಡಪಡಿಕೆ, ನಿದ್ದೆಗೇಡು. ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ಬಿಡದೆ ವೈದ್ಯರನ್ನು ಕೇಳಿ ಇಳಿಸುತ್ತ ಬರಬೇಕು. ತಲೆನೋವಿಗೆಂದು ತಿಂಗಳಲ್ಲಿ ಹತ್ತು ದಿನ ಇಂಥ ಗುಳಿಗೆ ನುಂಗುತ್ತ ಹೋದರೆ ಗುಳಿಗೆಯೇ ತಲೆನೋವು ತರತೊಡಗುತ್ತದೆ ಎಂಬುದು ವಿಚಿತ್ರವಾದರೂ ನಿಜ. ಕೊಡೀನ್ ಕೆಮ್ಮಿನ ಔಷಧದಲ್ಲಿಯೂ ಇರುತ್ತದೆ. ಅದನ್ನು ಬಾಟಲಿಗಟ್ಟಲೆ ಅಮಲಿಗಾಗಿ ಕುಡಿಯುವವರಿದ್ದಾರೆ. 2023ರ ಜೂನ್‌ನಲ್ಲಿ ಕೇಂದ್ರ ಸರಕಾರ ನಿಷೇಧಿಸಿದ 14 ಕೂಡು ಔಷಧಗಳಲ್ಲಿ ಕೊಡೀನ್ ಮತ್ತು ಕ್ಲೋರ್‌ಫೆನಿರಮೀನ್ ಸೇರಿದ ಸಿರಪ್ಪೂ ಒಂದು. ಆಸ್ಟ್ರೇಲಿಯದಲ್ಲಿ ಸಣ್ಣ ಪ್ರಮಾಣದ ಕೊಡೀನ್ ಗುಳಿಗೆ ಚೀಟಿ ಇಲ್ಲದೆ ಸಿಗುತ್ತಿತ್ತು. 2018ರ ಫೆಬ್ರವರಿಯಿಂದ ಅದನ್ನೂ ನಿಲ್ಲಿಸಿದರು.

ನಮ್ಮ ದೇಶದಲ್ಲಿ ಕೊಡೀನ್ 2014ರ ಮಾರ್ಚ್ 1ರಿಂದ ಎಚ್-1 ಎಂಬ ಪಟ್ಟಿಯಲ್ಲಿದೆ. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಕೂಡದು. ಚೀಟಿ ಬರೆದವರ, ರೋಗಿಯ, ಔಷಧದ ಹೆಸರನ್ನು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಸ್ಟ್ರಿಪ್ಪಿನ ಮೇಲೆ ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆಯ ಮಾತು ಅಚ್ಚಾಗಿರುತ್ತದೆ. ಅಂಗಡಿಯವರು ಹೆಸರು ಬರೆದುಕೊಂಡರೆ ಸಿಟ್ಟಾಗಬೇಡಿರಿ, ಬರೆದುಕೊಳ್ಳದಿದ್ದರೆ ಸಂಶಯಪಡಿರಿ.

ಕೊಡೀನ್ ಗುಳಿಗೆ ತೆಗೆದುಕೊಂಡ ದಿನ ಮೋಟಾರ್ ಸೈಕಲ್ಲು, ಟ್ರ್ಯಾಕ್ಟರು, ರಾಶಿಯ ಯಂತ್ರ ಇವುಗಳ ಹತ್ತಿರ ಹೋಗಬಾರದು. ಸೆರೆ, ನಿದ್ದೆಯ ಗುಳಿಗೆ ಇದರ ಜೊತೆಗೆ ಕೂಡವು. ಎರಡೂ ಸೇರಿ ಉಸಿರನ್ನೇ ಅದುಮುತ್ತವೆ. ಗುಳಿಗೆ ನುಂಗಿದವರು ಕರೆದರೂ ಎಚ್ಚರಗೊಳ್ಳದಿದ್ದರೆ, ಉಸಿರು ತಡೆದು ತಡೆದು ಬರುತ್ತಿದ್ದರೆ, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಸಣ್ಣದಾಗಿದ್ದರೆ ಹೊತ್ತು ಕಳೆಯದೆ 108ಕ್ಕೆ ಫೋನು ಮಾಡಿರಿ. ಹೊರಡುವಾಗ ಸ್ಟ್ರಿಪ್ಪುಗಳನ್ನು ಸಂಗಡ ಒಯ್ಯಿರಿ.

ನಮ್ಮ ಗಡಿನಾಡಿನ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತಾರೆ. ಗುಳಿಗೆಯಲ್ಲಿ ಏನೇನಿದೆ ಎಂಬುದು ಮಾತ್ರ ಇಂಗ್ಲಿಷಿನಲ್ಲಿ, ಇರುವೆಯಂಥ ಅಕ್ಷರಗಳಲ್ಲಿ ಇರುತ್ತದೆ. ಅದನ್ನು ಓದಬಲ್ಲವರು ಬಹಳ ಮನೆಗಳಲ್ಲಿ ನೀವೊಬ್ಬರೇ. ಹಿಂಬದಿಯಲ್ಲಿ ಪ್ರತಿಯೊಂದು ಔಷಧದ ಹೆಸರು, ಅದರ ಮುಂದೆ ಮಿಲಿಗ್ರಾಂ ಇರುತ್ತದೆ. ಈ ಭಾನುವಾರ ಚೀಲವನ್ನು ಕೆಳಗಿಳಿಸಿ, ಅವ್ವನನ್ನೋ ಅಪ್ಪನನ್ನೋ ಪಕ್ಕದಲ್ಲಿ ಕೂಡಿಸಿಕೊಂಡು, ಒಂದೊಂದನ್ನೇ ಓದಿ ಕನ್ನಡದಲ್ಲಿ ಬರೆಯಿರಿ. ದೊಡ್ಡವ್ವನ ಮೊಮ್ಮಗ ಹಾಗೆ ಬರೆದ ಹಾಳೆ ಈಗ ಅವರ ಮನೆಯ ಅದೇ ಮೊಳೆಗೆ ತೂಗುತ್ತಿದೆ. ಯಾರು ಯಾವ ಹೊಸ ಗುಳಿಗೆ ತಂದರೂ ಆಕೆ ಮೊದಲು ಅವನನ್ನು ಕರೆದು, "ಇದರಾಗ ಏನೈತಿ ಓದೋ" ಎನ್ನುತ್ತಾಳೆ.