ಮುಚ್ಚಳವಿಲ್ಲ, ಸಹಿ ಇದೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರಿಗೆ ವಿಮಾನವೆಂದರೆ ಹುಬ್ಬಳ್ಳಿ. ಗಗನಸಖಿ ಆಮ್ಲಜನಕದ ಮುಖವಾಡ ತೋರಿಸುವಾಗ ಹೆಚ್ಚಿನವರು ಮೊಬೈಲ್ ನೋಡುತ್ತಿರುತ್ತಾರೆ; ಅದಿರಲಿ. ಜೀವ ಉಳಿಸಬೇಕಾದ ಆ ಸಲಕರಣೆಯೇ ಜೀವ ತೆಗೆದದ್ದೂ ಉಂಟು. 1996ರ ಮೇ 11ರಂದು ಅಮೆರಿಕದ ಫ್ಲಾರಿಡಾದಲ್ಲಿ ವ್ಯಾಲುಜೆಟ್ ಕಂಪನಿಯ 592ನೇ ವಿಮಾನ ಬೆಂಕಿ ಹೊತ್ತಿ ಜೌಗಿಗೆ ಬಿದ್ದು 110 ಜನ ಸತ್ತರು. ಬೇರೆ ವಿಮಾನಗಳಿಂದ ಬಿಚ್ಚಿದ ಹಳೆಯ ಆಮ್ಲಜನಕ ಜನರೇಟರ್‌ಗಳು ಅದರ ಸರಕು ಕೋಣೆಯಲ್ಲಿದ್ದವು. ಮುಖವಾಡಗಳಿಗೆ ರಾಸಾಯನಿಕ ಕ್ರಿಯೆಯಿಂದ ಆಮ್ಲಜನಕ ಒದಗಿಸುವ ಈ ಡಬ್ಬಿಗಳು ಚಾಲೂ ಆದರೆ ಇನ್ನೂರು ಡಿಗ್ರಿ ಮೀರಿ ಕಾಯುತ್ತವೆ. ಅವು ತಾವಾಗಿ ಚಾಲೂ ಆಗದಂತೆ ತೊಡಿಸಬೇಕಾದ ಪುಟ್ಟ ಪ್ಲಾಸ್ಟಿಕ್ ಮುಚ್ಚಳ, ಅವನ್ನು ಬಿಚ್ಚಿದ ಕಾರ್ಯಾಗಾರದ ದಾಸ್ತಾನಿನಲ್ಲೇ ಇರಲಿಲ್ಲ. ಆದರೂ ಕೆಲಸದ ಕಾರ್ಡಿಗೆ ಸಹಿ ಬಿತ್ತು. ಪೆಟ್ಟಿಗೆಗಳು ‘ಖಾಲಿ’ ಎಂಬ ಹೆಸರಿನಲ್ಲಿ ವಿಮಾನ ಹತ್ತಿದವು.

ತಪ್ಪು ಮೆಕ್ಯಾನಿಕ್‌ನದಲ್ಲವೇ ಎನ್ನಬಹುದು. ಸಹಿ ಅವನದೇ, ನಿಜ. ಆದರೆ ಮುಚ್ಚಳ ತರಿಸದೆ ಕೆಲಸ ಮುಗಿಸೆಂದವರ ಪಾಲು ಎಲ್ಲಿಗೆ ಹೋಯಿತು? ಅದು ಅಮೆರಿಕದ ಹಳೆಯ ಕಥೆ ಎನ್ನುವವರಿಗೂ ಉತ್ತರವಿದೆ: ತುರ್ತು ಜಾರುಬಂಡಿಗಳ ತಪಾಸಣೆಯ ಗಡುವು ಮುಗಿದಿದ್ದರೂ ಮೂರು ಏರ್‌ಬಸ್‌ಗಳನ್ನು ಹಾರಿಸಿದ್ದಕ್ಕೆ 2025ರಲ್ಲಿ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಏರ್ ಇಂಡಿಯಾಕ್ಕೆ ಎಚ್ಚರಿಕೆ ಕೊಟ್ಟಿತು. ಒಬ್ಬ ಕೆಲಸಗಾರನನ್ನು ಮನೆಗೆ ಕಳಿಸಿದರೆ ಇಂಥದ್ದು ನಿಲ್ಲುವುದಿಲ್ಲ. ವ್ಯಾಲುಜೆಟ್ ದುರಂತದ ಬಳಿಕ ಅಮೆರಿಕ ಅಂಥ ಸರಕು ಕೋಣೆಗಳಿಗೆ ಹೊಗೆ ಪತ್ತೆ, ಬೆಂಕಿ ಆರಿಸುವ ವ್ಯವಸ್ಥೆಯನ್ನು 1998ರಲ್ಲಿ ಕಡ್ಡಾಯ ಮಾಡಿತು.