ಕಾಸರಗೋಡಿನ ಆಡುನುಡಿಯಲ್ಲಿ ಕಾಲದ ಬದಲಾವಣೆಯನ್ನು ಅಳೆಯುವ ಬಗೆ

ಕಾಸರಗೋಡಿನ ಕನ್ನಡದ ಬಗ್ಗೆ ನಡೆಯುವ ಗೋಷ್ಠಿಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ಅಜ್ಜಂದಿರ ಭಾಷೆ ಮೊಮ್ಮಕ್ಕಳಲ್ಲಿ ಇಲ್ಲ, ಇನ್ನೊಂದು ತಲೆಮಾರಿಗೆ ಎಲ್ಲ ಮುಗಿಯಿತು.’ ಈ ಮಾತು ನಿಜವಿರಬಹುದು, ಸುಳ್ಳೂ ಇರಬಹುದು. ಅದನ್ನು ತೀರ್ಮಾನಿಸುವ ಕ್ರಮ ಯಾವುದು ಎಂಬುದಷ್ಟೇ ಈ ಪ್ರಬಂಧದ ವಿಷಯ. ಸಂಖ್ಯಾಶಾಸ್ತ್ರವೆಂದರೆ ಭಾಷೆಯವರಾದ ನಮಗೆ ಸ್ವಲ್ಪ ಅಂಜಿಕೆ. ಆದ್ದರಿಂದ ಸೂತ್ರಗಳನ್ನು ಬದಿಗಿಟ್ಟು ಒಂದೇ ಒಂದು ಉದಾಹರಣೆಯ ಮೂಲಕ ಹೇಳುತ್ತೇನೆ.

1. ಉದಾಹರಣೆ: ‘ಎಂಗೊ’ ಮತ್ತು ‘ನಾವು’

ಕುಂಬಳೆ ಸೀಮೆಯ ಹವ್ಯಕ ಕನ್ನಡದಲ್ಲಿ ಉತ್ತಮಪುರುಷ ಬಹುವಚನಕ್ಕೆ ಎರಡು ರೂಪಗಳಿವೆ. ಕೇಳುವವನನ್ನೂ ಸೇರಿಸಿಕೊಂಡರೆ ‘ನಾವು’, ಅವನನ್ನು ಹೊರಗಿಟ್ಟರೆ ‘ಎಂಗೊ’. ತುಳುವಿನಲ್ಲಿ ‘ನಮ - ಎಂಕುಲು’, ಮಲಯಾಳದಲ್ಲಿ ‘ನಮ್ಮಳ್ - ಞಙ್ಙಳ್’ ಎಂದು ಇದೇ ಭೇದವಿದೆ. ಶಿಷ್ಟ ಕನ್ನಡದಲ್ಲಿ ಇಲ್ಲ. ಅಲ್ಲಿ ಎರಡಕ್ಕೂ ‘ನಾವು’. ಹಾಗಾಗಿ ಶಾಲೆಯ ಕನ್ನಡ ಒಂದು ಕಡೆಗೆ ಎಳೆದರೆ ನೆರೆಯ ಭಾಷೆಗಳು ಇನ್ನೊಂದು ಕಡೆಗೆ ಎಳೆಯುತ್ತವೆ.

ತೊಂಬತ್ತರ ದಶಕದಲ್ಲಿ ನಾನು ಕ್ಯಾಸೆಟ್ ಯಂತ್ರ ಹಿಡಿದು ಮನೆಮನೆ ತಿರುಗುತ್ತಿದ್ದಾಗ ಒಂದು ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಅಜ್ಜಿಗೆ ಹೇಳಿದಳು: ‘ನಾವು ನಾಳೆ ಕೊಡೆಯಾಲಕ್ಕೆ ಹೋಪದು.’ ಅಜ್ಜಿ ತಟ್ಟನೆ ಕೇಳಿದರು: ‘ಆನುದೆ ಹೆರಡೆಕ್ಕೊ?’ ಹುಡುಗಿಗೆ ‘ನಾವು’ ಎಂದರೆ ತಾನು ಮತ್ತು ಗೆಳತಿಯರು. ಅಜ್ಜಿಯ ವ್ಯಾಕರಣದಲ್ಲಿ ಆ ಪದದೊಳಗೆ ಅಜ್ಜಿಯೂ ಇದ್ದರು. ಭೇದ ಅಳಿಯುತ್ತಿದೆ ಎಂದು ನಾನು ಅಂದೇ ಟಿಪ್ಪಣಿ ಬರೆದೆ.

ಬಹಳ ವರ್ಷಗಳ ಬಳಿಕ ಅದೇ ಹುಡುಗಿ ಇಬ್ಬರು ಮಕ್ಕಳ ತಾಯಿಯಾಗಿ ಸಿಕ್ಕಿದಳು. ಅವಳ ಬಾಯಲ್ಲಿ ‘ಎಂಗೊ’ ಸರಾಗವಾಗಿತ್ತು. ಹಳೆಯ ಸಂಗತಿ ನೆನಪಿಸಿದಾಗ ನಕ್ಕು ಹೇಳಿದಳು: ‘ಕಾಲೇಜಿಂಗೆ ಹೋಪಗ ಬಾಯಿಗೆ ನಾವು ಹೇಳಿಯೇ ಬಕ್ಕು ಮಾಷ್ಟ್ರೆ. ಈಗ ಮಕ್ಕೊಗೆ ಕಲಿಶೆಕ್ಕಲ್ಲದೊ?’ ನನ್ನ ಟಿಪ್ಪಣಿ ಅವಸರದ್ದಾಗಿತ್ತು.

2. ತೋರಿಕೆಯ ಕಾಲ, ನಿಜವಾದ ಕಾಲ

ಒಂದೇ ಸಲ ಹೋಗಿ ಹಿರಿಯರನ್ನೂ ಕಿರಿಯರನ್ನೂ ಹೋಲಿಸಿದರೆ ಸಿಗುವುದು ತೋರಿಕೆಯ ಕಾಲ. ವಿಲಿಯಂ ಲಬೋವ್ 1963ರಲ್ಲಿ ಪ್ರಕಟಿಸಿದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಅಧ್ಯಯನದಿಂದ ಈ ಕ್ರಮ ಬಳಕೆಗೆ ಬಂತು. ಇದರ ಹಿಂದೆ ಒಂದು ನಂಬಿಕೆ ಇದೆ: ಮನುಷ್ಯ ಎಳವೆಯಲ್ಲಿ ಕಲಿತ ರೂಪವನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತಾನೆ. ಈ ನಂಬಿಕೆ ಎಲ್ಲ ಕಡೆ ನಿಲ್ಲುವುದಿಲ್ಲ. ಯೌವನದಲ್ಲಿ ಒಂದು ರೂಪ, ಸಂಸಾರಕ್ಕೆ ಬಿದ್ದ ಮೇಲೆ ಇನ್ನೊಂದು ರೂಪ ಎಂಬುದು ಪ್ರತಿ ತಲೆಮಾರಿನಲ್ಲೂ ಮರುಕಳಿಸಿದರೆ ಅದು ವಯೋಭೇದ. ಭಾಷೆಯ ಬದಲಾವಣೆ ಅಲ್ಲ.

ಎರಡನ್ನೂ ಬೇರ್ಪಡಿಸಬೇಕಾದರೆ ಮತ್ತೆ ಹೋಗಲೇಬೇಕು. ಲಬೋವ್ 1962ರಲ್ಲಿ ನ್ಯೂಯಾರ್ಕಿನ ಮೂರು ಅಂಗಡಿಗಳಲ್ಲಿ ಮಾಡಿದ ಸಮೀಕ್ಷೆಯನ್ನು ಜಾಯ್ ಫೌಲರ್ 1986ರಲ್ಲಿ ಮರುಮಾಡಿದಾಗ ‘ರ್’ ಉಚ್ಚಾರಣೆ ಹೆಚ್ಚಿದ್ದು ನಿಜವಾಗಿಯೂ ಕಂಡಿತು. ಆದರೆ ನಡೆ ನಿಧಾನವಾಗಿತ್ತು. ನಮಗೆ ಹತ್ತಿರದ ಉದಾಹರಣೆ ಸಾಂಗ್ಲಿ ಜಿಲ್ಲೆಯ ಕುಪ್ವಾಡ. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವ್ಯಾಕರಣ ಒಂದಕ್ಕೊಂದು ಕೂಡಿಹೋಗಿದೆ ಎಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. ಸೋನಲ್ ಕುಲಕರ್ಣಿ-ಜೋಶಿಯವರು ಅದೇ ಊರನ್ನು ಮತ್ತೆ ಅಭ್ಯಸಿಸಿ, 2016ರ ಲೇಖನದಲ್ಲಿ ಆ ಪ್ರಸಿದ್ಧ ತೀರ್ಮಾನವನ್ನೇ ಪರಿಶೀಲನೆಗೆ ಒಡ್ಡಿದರು.

3. ಅದೇ ಊರೋ, ಅದೇ ಜನರೋ?

ಮರುಭೇಟಿಯಲ್ಲಿ ಎರಡು ವಿಧ. ಅದೇ ಊರಿನ ಬೇರೆ ಜನರನ್ನು ಕೇಳಿದರೆ ಸಮುದಾಯದ ನಡೆ ತಿಳಿಯುತ್ತದೆ. ಅದೇ ವಕ್ತೃಗಳನ್ನು ಮತ್ತೆ ಕೇಳಿದರೆ ವ್ಯಕ್ತಿಯ ನಡೆ ತಿಳಿಯುತ್ತದೆ. ಮಾಂಟ್ರಿಯಲ್ ನಗರದ ಫ್ರೆಂಚ್ ಭಾಷಿಕರನ್ನು 1971ರಲ್ಲಿಯೂ 1984ರಲ್ಲಿಯೂ ಧ್ವನಿಮುದ್ರಿಸಿದ್ದರು. ಅವರಲ್ಲಿ 32 ಮಂದಿಯ ‘ರ’ಕಾರವನ್ನು ಸ್ಯಾಂಕಾಫ್ ಮತ್ತು ಬ್ಲಾಂಡೋ ಹೋಲಿಸಿ 2007ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ಇದ್ದಂತೆಯೇ ಇದ್ದರು. ಕೆಲವರು ಪ್ರಾಯಕ್ಕೆ ಬಂದ ಮೇಲೆ ಬದಲಾಗಿದ್ದರು.

ಅದೇ ಜನರನ್ನು ಕೇಳಿದಾಗ ಲೆಕ್ಕದ ಕ್ರಮವೂ ಬೇರೆಯಾಗಬೇಕು. ಒಂದು ಊಹೆಯ ಲೆಕ್ಕ ಕೊಡುತ್ತೇನೆ. ನಲ್ವತ್ತು ವಕ್ತೃಗಳು. ಮೊದಲ ಭೇಟಿಯಲ್ಲಿ 30 ಮಂದಿ ‘ಎಂಗೊ’ ಅಂದರು. ಎರಡನೆಯದರಲ್ಲಿ 24 ಮಂದಿ. ಇವರನ್ನು 80 ಬೇರೆ ಬೇರೆ ಜನರೆಂದು ಎಣಿಸಿ ಹೋಲಿಸಿದರೆ ‘ಕೈ-ವರ್ಗ’ದ ಬೆಲೆ ಸುಮಾರು 2 ಬರುತ್ತದೆ. ಆಕಸ್ಮಿಕವಲ್ಲ ಎನ್ನಲು 3.84 ದಾಟಬೇಕು, ಆದ್ದರಿಂದ ‘ಬದಲಾವಣೆ ಸಿದ್ಧವಾಗಲಿಲ್ಲ’ ಎನ್ನಬೇಕಾಗುತ್ತದೆ.

ಈಗ ಒಬ್ಬೊಬ್ಬರನ್ನೇ ನೋಡಿ. ‘ಎಂಗೊ’ ಬಿಟ್ಟವರು 6, ಹೊಸದಾಗಿ ಹಿಡಿದವರು ಯಾರೂ ಇಲ್ಲ ಎಂದಿಟ್ಟುಕೊಳ್ಳೋಣ. ಬದಲಾದ ಆರೂ ಮಂದಿ ಒಂದೇ ದಿಕ್ಕಿಗೆ ಹೋಗಿದ್ದಾರೆ. ನಾಣ್ಯ ಚಿಮ್ಮಿದರೆ ಆರು ಸಲವೂ ಒಂದೇ ಮಗ್ಗುಲು, ಅದು ಯಾವ ಮಗ್ಗುಲೇ ಆಗಲಿ, ಬೀಳುವ ಸಂಭವ 32ರಲ್ಲಿ 1. ಇದನ್ನು ಆಕಸ್ಮಿಕ ಎನ್ನುವುದು ಕಷ್ಟ. ಇನ್ನೊಂದು ಸಾಧ್ಯತೆ: 15 ಮಂದಿ ಬಿಟ್ಟರು, 9 ಮಂದಿ ಹಿಡಿದರು. ಆಗಲೂ ಮೊತ್ತ 24ಕ್ಕೇ ಇಳಿಯುತ್ತದೆ. ಆದರೆ ಇಲ್ಲಿ ಇರುವುದು ಬರೀ ಹೊಯ್ದಾಟ. ಬಿಟ್ಟವರು ಹಿಡಿದವರ ವ್ಯತ್ಯಾಸದ ವರ್ಗ 36, ಅದನ್ನು 24ರಿಂದ ಭಾಗಿಸಿದರೆ 1.5 ಮಾತ್ರ. ಈ ಪರೀಕ್ಷೆಯನ್ನು ಮೆಕ್‌ನೆಮರ್ 1947ರಲ್ಲಿ ರೂಪಿಸಿದರು. ಕೂಡಿಸಿದ ಮೊತ್ತ ಒಂದೇ ಆದರೂ ಒಳಗಿನ ಕಥೆ ಬೇರೆ ಎಂಬುದೇ ಅದರ ತಿರುಳು.

ಇನ್ನೊಂದು ಎಚ್ಚರಿಕೆ. ಒಬ್ಬ ಅಜ್ಜಿಯ ನೂರು ವಾಕ್ಯಗಳೆಂದರೆ ನೂರು ಮಂದಿ ಅಲ್ಲ. ಆಕೆಯ ವಾಕ್ಯಗಳೆಲ್ಲ ಒಂದನ್ನೊಂದು ಹೋಲುತ್ತವೆ. ಒಂದೇ ಮನೆಯವರ ಮಾತೂ ಹಾಗೆಯೇ. ವಾಕ್ಯಗಳನ್ನೆಲ್ಲ ಒಂದೇ ರಾಶಿಗೆ ಸುರಿದು ಶೇಕಡಾ ತೆಗೆದರೆ ಹೆಚ್ಚು ಮಾತಾಡಿದ ಮನೆಯೇ ಊರಾಗಿಬಿಡುತ್ತದೆ. ಈಗ ಬಳಕೆಯಲ್ಲಿರುವ ಮಿಶ್ರ ಮಾದರಿಗಳು ಪ್ರತಿ ವಕ್ತೃವಿಗೂ ಅವರದೇ ಒಂದು ಮಟ್ಟವನ್ನು ಕೊಟ್ಟು, ಆ ಮೇಲೆ ಕಾಲದ ಪರಿಣಾಮವನ್ನು ಹುಡುಕುತ್ತವೆ.

4. ಬದಲಾವಣೆ ನೇರಗೆರೆಯಲ್ಲಿ ನಡೆಯುವುದಿಲ್ಲ

ಶೇ. 90ರಿಂದ 80ಕ್ಕೆ ಇಳಿದಾಗ ‘ಹತ್ತು ತಾನೆ’ ಎನ್ನುತ್ತೇವೆ. ಆದರೆ ಉಳಿದದ್ದಕ್ಕೂ ಅಳಿದದ್ದಕ್ಕೂ ಇರುವ ಪ್ರಮಾಣವನ್ನು ನೋಡಿದರೆ 9:1 ಇದ್ದದ್ದು 4:1 ಆಗಿದೆ, ಎಂದರೆ ಅರ್ಧಕ್ಕಿಂತ ಕಡಿಮೆ. ಇದೇ ವೇಗ ಮುಂದುವರಿದರೆ ಮುಂದಿನ ತಲೆಮಾರುಗಳಲ್ಲಿ ಸುಮಾರು 64, 44, 26 ಹೀಗೆ ಇಳಿಯುತ್ತದೆ. ಒತ್ತಡ ಒಂದೇ, ಆದರೆ ಮೊದಲು ನಿಧಾನ, ನಡುವೆ ಬಿರುಸು, ಕೊನೆಗೆ ಮತ್ತೆ ನಿಧಾನ ಎಂದು ತೋರುತ್ತದೆ. ಆರಂಭದ ನಿಧಾನವನ್ನು ನೋಡಿ ಸಮಾಧಾನಪಡುವುದು, ನಡುವಿನ ಬಿರುಸನ್ನು ನೋಡಿ ಗಾಬರಿಯಾಗುವುದು ಎರಡೂ ಸರಿಯಲ್ಲ.

5. ಜನಗಣತಿಯ ಅಂಕಿಗಳು

ನಮ್ಮಲ್ಲಿ ವಾದಕ್ಕೆ ಮೊದಲು ಬರುವುದು ಜನಗಣತಿ. ಅಲ್ಲಿ ಛೇದವನ್ನು ಗಮನಿಸಬೇಕು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು. ಬಳಿಕ ಅದರಿಂದ ಹೊಸದುರ್ಗ ತಾಲೂಕು ಬೇರೆಯಾಯಿತು. 1984ರ ಮೇ 24ರಂದು ಎರಡೂ ಸೇರಿ ಜಿಲ್ಲೆಯಾಯಿತು. 2011ರ ಗಣತಿಯ ನಂತರ ಮಂಜೇಶ್ವರ, ವೆಳ್ಳರಿಕುಂಡು ತಾಲೂಕುಗಳೂ ಹುಟ್ಟಿದವು. 1967ರ ಮಹಾಜನ ಆಯೋಗದ ಶಿಫಾರಸು ಚಂದ್ರಗಿರಿ ಹೊಳೆಯ ಉತ್ತರ ಭಾಗಕ್ಕೆ ಮಾತ್ರ ಸಂಬಂಧಿಸಿದ್ದು. ಒಂದು ಗಣತಿಯ ತಾಲೂಕನ್ನು ಇನ್ನೊಂದು ಗಣತಿಯ ಜಿಲ್ಲೆಯ ಜೊತೆ ಹೋಲಿಸಿದರೆ ಕನ್ನಡ ಮಾತಾಡುವ ಒಬ್ಬನೂ ಕಡಿಮೆಯಾಗದೆ ಕನ್ನಡದ ಶೇಕಡಾ ಕುಸಿಯುತ್ತದೆ.

ಗಣತಿ ಕೇಳುವುದು ಮಾತೃಭಾಷೆಯನ್ನು. ತುಳು ಮನೆಮಾತಿನ ಮಗು ಕನ್ನಡ ಮಾಧ್ಯಮದಲ್ಲಿ ಓದುವುದು ನಮ್ಮಲ್ಲಿ ಸಾಮಾನ್ಯ. ಆ ಮನೆಯವರು ಒಂದು ಗಣತಿಯಲ್ಲಿ ಕನ್ನಡವೆಂದೂ ಇನ್ನೊಂದರಲ್ಲಿ ತುಳುವೆಂದೂ ಬರೆಸಿದರೆ ಬದಲಾದದ್ದು ಉತ್ತರ, ಆಡುವ ಭಾಷೆಯಲ್ಲ. ಶಾಲೆಯ ಡಿವಿಜನ್, ಅಧ್ಯಾಪಕರ ಹುದ್ದೆ, ಕಚೇರಿಯ ಕನ್ನಡ ಅರ್ಜಿ ಇವೆಲ್ಲ ಅಂಕಿಗಳ ಮೇಲೆಯೇ ನಿಂತಿರುವುದರಿಂದ ಇದು ಬರೀ ವಿದ್ವಾಂಸರ ಚರ್ಚೆಯಲ್ಲ. ಮಲಯಾಳ ಕಲಿಕೆಯನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಿದ 2017ರ ಕಾಯಿದೆಯ ಪರಿಣಾಮವನ್ನು ಅಳೆಯಬೇಕಾದರೂ ಅದಕ್ಕೆ ಮುಂಚಿನ ಮಾತಿನ ದಾಖಲೆ ಕೈಯಲ್ಲಿರಬೇಕು. 2021ರಲ್ಲಿ ನಡೆಯಬೇಕಿದ್ದ ಗಣತಿ ಆ ವರ್ಷ ನಡೆಯಲಿಲ್ಲವಾದ್ದರಿಂದ ಸರಕಾರದ ಅಂಕಿಗಳಲ್ಲಿ ಆ ಕೊಂಡಿಯೇ ಇಲ್ಲ.

6. ಮಾಡಬೇಕಾದದ್ದು

ಮರುಭೇಟಿಯಲ್ಲಿ ಎಲ್ಲರೂ ಸಿಗುವುದಿಲ್ಲ. ಕೆಲವರು ತೀರಿಹೋಗಿರುತ್ತಾರೆ, ಕೆಲವರು ಮಂಗಳೂರಿಗೆ, ಬೆಂಗಳೂರಿಗೆ, ಗಲ್ಫಿಗೆ ಹೋಗಿರುತ್ತಾರೆ. ಊರಲ್ಲೇ ಉಳಿದವರ ಮಾತು ಹೆಚ್ಚು ಹಳೆಯದಾಗಿರುವ ಸಂಭವ ಇದೆ. ಅವರನ್ನು ಮಾತ್ರ ಎಣಿಸಿದರೆ ‘ಏನೂ ಬದಲಾಗಿಲ್ಲ’ ಎಂದು ತೋರೀತು. ಆದ್ದರಿಂದ ಸಿಗದವರ ಮೊದಲ ಭೇಟಿಯ ಮಾತನ್ನು ಸಿಕ್ಕಿದವರ ಮೊದಲ ಭೇಟಿಯ ಮಾತಿನೊಡನೆ ಹೋಲಿಸಿ ನೋಡಬೇಕು.

ನಮ್ಮಲ್ಲಿ ಹಲವರ ಕಪಾಟುಗಳಲ್ಲಿ ಹಳೆಯ ಕ್ಯಾಸೆಟ್ಟುಗಳಿವೆ. ಅವುಗಳ ಮೇಲೆ ವಕ್ತೃವಿನ ಪ್ರಾಯ, ಊರು, ಮನೆಮಾತು, ಕಲಿತ ಮಾಧ್ಯಮ, ಮುದ್ರಿಸಿದ ತಾರೀಕು ಇಷ್ಟು ಬರೆದಿದ್ದರೆ ಅದೇ ಮೊದಲ ಭೇಟಿಯಾಗುತ್ತದೆ. ಬರೆದಿಲ್ಲವಾದರೆ, ಮುದ್ರಿಸಿದವರಿಗೆ ನೆನಪಿರುವಾಗಲೇ ಬರೆದಿಡಬೇಕು. ‘ಆನುದೆ ಹೆರಡೆಕ್ಕೊ’ ಎಂದು ಕೇಳಿದ ಅಜ್ಜಿ ಈಗಿಲ್ಲ. ಆ ಕ್ಯಾಸೆಟ್ ಇದೆ, ತಾರೀಕೂ ಇದೆ. ಮೊಮ್ಮಗಳ ಮಕ್ಕಳು ‘ಎಂಗೊ’ ಅನ್ನುತ್ತಾರೋ ‘ನಾವು’ ಅನ್ನುತ್ತಾರೋ ಎಂಬುದನ್ನು ಕೇಳಿ ಹೇಳಲು ಇನ್ನೊಬ್ಬರು ಆ ಮನೆಗೆ ಹೋಗಬೇಕು.