ಭಾಷಾಕಲಿಕೆಯಲ್ಲಿ ಕಿರುಪಾಠದ ಹಿರಿಮೆ

ಮಾತೃಭಾಷೆಯು ತೊಟ್ಟಿಲಿನಿಂದಲೇ ಬರುವಂತಹುದು. ಅನ್ಯಭಾಷೆಯಾದರೋ ಪ್ರಯತ್ನದಿಂದ ಬರುವಂತಹುದು. ಆ ಪ್ರಯತ್ನವು ದೀರ್ಘವಾದಷ್ಟೂ ಫಲ ಹೆಚ್ಚೆಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಒಂದೇ ವಿಷಯವನ್ನು ಹಿಡಿದು, ಅಲ್ಪಕಾಲದಲ್ಲಿ ಮುಗಿದು, ಮರುದಿನ ಮತ್ತೆ ನೆನಪಿಗೆ ಬರುವ ಪಾಠವೇ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ.

ಇದಕ್ಕೆ ಶಾಸ್ತ್ರೀಯವಾದ ಆಧಾರವೂ ಉಂಟು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞನು ತನ್ನ ಮೇಲೆಯೇ ನಡೆಸಿಕೊಂಡ ಪ್ರಯೋಗಗಳನ್ನು 1885ರಲ್ಲಿ ಪ್ರಕಟಿಸಿದನು. ಅರ್ಥವಿಲ್ಲದ 12 ಅಕ್ಷರಗುಚ್ಛಗಳ ಸಾಲನ್ನು ಒಂದೇ ದಿನ 68 ಬಾರಿ ಓದಿ ಪಡೆದಷ್ಟೇ ಫಲವು, ಮೂರು ದಿನಗಳಿಗೆ ಹಂಚಿ 38 ಬಾರಿ ಓದಿದುದರಿಂದಲೇ ದೊರೆಯಿತು. ನಡುವಣ ಬಿಡುವಿನಲ್ಲಿ ಮನಸ್ಸು ಸ್ವಲ್ಪ ಮರೆಯುತ್ತದೆ. ಮರೆತುದನ್ನು ಪ್ರಯತ್ನಪೂರ್ವಕವಾಗಿ ನೆನೆದಾಗ ನೆನಪು ಬಲಗೊಳ್ಳುತ್ತದೆ.

ಉಡುಪಿಯ ಪರಿಸರದಲ್ಲಿ ಈ ತತ್ತ್ವದ ಅಗತ್ಯವು ಎದ್ದು ಕಾಣುತ್ತದೆ. ಅಂಬಲಪಾಡಿಯಿಂದ ಮಣಿಪಾಲದವರೆಗಿನ ಕೆಲವೇ ಕಿಲೋಮೀಟರುಗಳಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳು ಕಿವಿಗೆ ಬೀಳುತ್ತವೆ. ಮಣಿಪಾಲದಲ್ಲಿ 1953ರಲ್ಲಿ ಸ್ಥಾಪಿತವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿಗೆ ದೇಶದ ನಾನಾ ಭಾಗಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. 2019ರಲ್ಲಿ ದೇಶದಾದ್ಯಂತ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮವು ಆರಂಭದ ತಿಂಗಳಲ್ಲಿಯೇ ಸ್ಥಳೀಯ ಭಾಷೆಯ ಕಲಿಕೆಗೆ ಸ್ಥಾನವಿತ್ತಿತು. ರೋಗಿಯ ಮಾತು ತಿಳಿಯದಿದ್ದರೆ ರೋಗವನ್ನು ತಿಳಿಯುವುದೂ ಕಷ್ಟವಷ್ಟೆ.

ಇಂತಹ ವಿದ್ಯಾರ್ಥಿಗೆ ವಿಭಕ್ತಿಗಳೆಲ್ಲವನ್ನೂ ಒಮ್ಮೆಗೇ ಬೋಧಿಸಿದರೆ ಗೊಂದಲವೇ ಹೆಚ್ಚು. ಅದರ ಬದಲು "ನಿಮಗೆ ಜ್ವರ ಇದೆಯೇ?" ಎಂಬ ಒಂದೇ ವಾಕ್ಯವನ್ನೆತ್ತಿಕೊಂಡು, ಜ್ವರದ ಸ್ಥಾನದಲ್ಲಿ ನೋವು, ಕೆಮ್ಮು, ಹಸಿವು ಎಂಬ ಪದಗಳನ್ನಿಟ್ಟು ಆಡಿಸಬೇಕು. ಕನ್ನಡದಲ್ಲಿ ಇಂತಹ ದೇಹಾನುಭವಗಳು ಚತುರ್ಥಿ ವಿಭಕ್ತಿಯನ್ನು ಆಶ್ರಯಿಸುತ್ತವೆ ಎಂಬ ಮರ್ಮವು ಸೂತ್ರವಿಲ್ಲದೆಯೇ ತಿಳಿಯುತ್ತದೆ. ಮರುದಿನ ಮೊದಲು ಹಿಂದಿನ ಪಾಠವನ್ನು ಪುಸ್ತಕ ನೋಡದೆ ಹೇಳಿಸಿ, ಅನಂತರ "ನಿನಗೆ", "ನಿಮಗೆ" ಎಂಬವುಗಳ ಭೇದವನ್ನು ತಿಳಿಸಬೇಕು. ವೃದ್ಧ ರೋಗಿಯನ್ನು ಅಪರಿಚಿತನು ಏಕವಚನದಿಂದ ಮಾತನಾಡಿಸಿದರೆ, ಔಷಧ ಕೊಡುವುದಕ್ಕೆ ಮೊದಲೇ ಮನಸ್ಸನ್ನು ನೋಯಿಸಿದಂತಾಗುತ್ತದೆ. ಮೂರನೆಯ ದಿನ ಹೊಟ್ಟೆಗೆ, ಕಾಲಿಗೆ, ಹೃದಯಕ್ಕೆ ಎಂಬ ರೂಪಗಳು ಬರಲಿ; ಗೆ, ಇಗೆ, ಕ್ಕೆ ಎಂಬ ಪ್ರತ್ಯಯಭೇದಗಳು ತಾವಾಗಿಯೇ ಕಿವಿಗೆ ಹತ್ತುತ್ತವೆ. ತುಳುವಿನಲ್ಲಿಯೇ ಮನಬಿಚ್ಚಿ ಮಾತನಾಡುವ ಹಿರಿಯರಿಗಾಗಿ ತುಳುವನ್ನು ಕಲಿಯುವವರಿಗೂ ಇದೇ ಕ್ರಮವು ಉಪಯುಕ್ತ.

ಆದರೆ ಕಿರುಪಾಠವೆಂದರೆ ಬಿಡಿಪಾಠವಲ್ಲ. ಇಂದಿನ ಪಾಠವು ನಿನ್ನೆಯದನ್ನು ಆಧರಿಸಿರಬೇಕು. ಕಲಿತ ವಾಕ್ಯವು ಅಂದೇ ಬಳಕೆಗೆ ಬರಬೇಕು. ಅಲ್ಲದೆ, ಭಾಷೆಯ ಸೊಗಸು ಮನಗಾಣಲು ಮುಂದೆ ದೀರ್ಘವಾದ ಓದೂ, ಆ ಭಾಷಿಕರ ಒಡನಾಟವೂ ಬೇಕು. ಕಿರುಪಾಠವು ಆ ಹಾದಿಗೆ ಹಚ್ಚುವ ಮೊದಲ ಮೆಟ್ಟಿಲು. ಅದನ್ನು ದಿನಕ್ಕೊಂದರಂತೆ ಏರಿದವನು, "ಎಲ್ಲಿ ನೋವು?" ಎಂಬ ತನ್ನ ಪ್ರಶ್ನೆಗೆ ಬರುವ ಉತ್ತರವನ್ನು ಅರಿಯಬಲ್ಲವನಾಗುತ್ತಾನೆ.